ಮರ ಉಣ್ಣುವುದು ನೀರನ್ನೋ, ಗಾಳಿಯನ್ನೋ?

ಬೆರಳ ತುದಿಯಲ್ಲಿ ನಿಲ್ಲುವಷ್ಟು ಸಣ್ಣ ಬೀಜ ಕೆಲವೇ ದಶಕಗಳಲ್ಲಿ ಟನ್ನುಗಟ್ಟಲೆ ತೂಗುವ ಮರವಾಗುತ್ತದೆ. ಆ ತೂಕವೆಲ್ಲ ಎಲ್ಲಿಂದ ಬಂತು? ಮಣ್ಣಿನಿಂದ ಎನ್ನುವುದು ಥಟ್ಟನೆ ಹೊಳೆಯುವ ಉತ್ತರ. ಅರಿಸ್ಟಾಟಲನ ಕಾಲದಿಂದ ಯೂರೋಪಿನ ವಿದ್ವಾಂಸರೂ ಬಹುಮಟ್ಟಿಗೆ ಹಾಗೆಯೇ ನಂಬಿದ್ದರು. ಸರಿಯಾದ ಉತ್ತರ ಪೂರ್ಣವಾಗಿ ದೊರೆಯಲು ಹದಿನೇಳನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದವರೆಗೆ, ಸುಮಾರು ಮುನ್ನೂರು ವರ್ಷ ಬೇಕಾಯಿತು. ಆ ಇತಿಹಾಸವನ್ನು ಈಗ ನೆನೆಯಲು ಕಾರಣವಿದೆ. ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಮರಗಳಿಗೆ ಒಳ್ಳೆಯದೇ ಅಲ್ಲವೇ, ಹೆಚ್ಚು ಉಂಡು ಹೆಚ್ಚು ಬೆಳೆಯುತ್ತವಲ್ಲ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಆ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಈ ಇತಿಹಾಸವೇ ತಿಳಿಸುತ್ತದೆ.

ಬ್ರಸೆಲ್ಸಿನ ವೈದ್ಯ ಯಾನ್ ಬ್ಯಾಪ್ಟಿಸ್ಟ್ ವ್ಯಾನ್ ಹೆಲ್ಮಾಂಟ್ ಈ ಪ್ರಶ್ನೆಯನ್ನು ತಕ್ಕಡಿಗೆ ಹಾಕಿದವನು. ಒಲೆಯಲ್ಲಿ ಒಣಗಿಸಿದ 200 ಪೌಂಡ್ ಮಣ್ಣನ್ನು ದೊಡ್ಡ ಕುಂಡದಲ್ಲಿ ತುಂಬಿ, ಅದರಲ್ಲಿ 5 ಪೌಂಡ್ ತೂಕದ ವಿಲ್ಲೋ ಗಿಡವನ್ನು ನೆಟ್ಟ. ಹೊರಗಿನ ಧೂಳು ಬಿದ್ದು ಲೆಕ್ಕ ತಪ್ಪದಿರಲೆಂದು ಕುಂಡದ ಬಾಯಿಗೆ ತೂತುಗಳಿದ್ದ ತಗಡಿನ ಮುಚ್ಚಳ ಹಾಕಿದ. 5 ವರ್ಷ ಕಾಲ ನೀರನ್ನಲ್ಲದೆ ಬೇರೇನನ್ನೂ ಹಾಕಲಿಲ್ಲ. ಕೊನೆಗೆ ತೂಗಿದಾಗ ಮರ 169 ಪೌಂಡಿಗೂ ತುಸು ಹೆಚ್ಚಿತ್ತು. ಮತ್ತೆ ಒಣಗಿಸಿ ತೂಗಿದ ಮಣ್ಣಿನಲ್ಲಿ ಕಡಿಮೆಯಾಗಿದ್ದುದು ಸುಮಾರು 2 ಔನ್ಸ್ ಮಾತ್ರ. ಹಾಗಾದರೆ 164 ಪೌಂಡ್ ಕಟ್ಟಿಗೆ, ತೊಗಟೆ, ಬೇರುಗಳೆಲ್ಲ ನೀರಿನಿಂದಲೇ ಆದವು ಎಂದು ಅವನು ತೀರ್ಮಾನಿಸಿದ. ಅವನು ತೀರಿಕೊಂಡ ನಾಲ್ಕು ವರ್ಷಗಳ ಬಳಿಕ, 1648ರಲ್ಲಿ, ಅವನ ಮಗ ಈ ಬರಹಗಳನ್ನು ಪ್ರಕಟಿಸಿದ.

ಮಣ್ಣನ್ನು ಉಂಡು ಮರ ಬೆಳೆಯುವುದಿಲ್ಲ ಎಂಬ ಮಟ್ಟಿಗೆ ಅವನು ಗೆದ್ದ. ಆದರೆ ಅವನ ತೀರ್ಮಾನದಲ್ಲಿ ದೊಡ್ಡದೊಂದು ವಿಪರ್ಯಾಸವಿದೆ. ‘ಗ್ಯಾಸ್’ ಎಂಬ ಪದವನ್ನು ಟಂಕಿಸಿದವನು ಇದೇ ವ್ಯಾನ್ ಹೆಲ್ಮಾಂಟ್. 62 ಪೌಂಡ್ ಓಕ್ ಮರದ ಇದ್ದಿಲನ್ನು ಸುಟ್ಟರೆ ಉಳಿಯುವುದು 1 ಪೌಂಡ್ ಬೂದಿ, ಮಿಕ್ಕ 61 ಪೌಂಡ್ ಕಣ್ಣಿಗೆ ಕಾಣದ ಒಂದು ‘ಗ್ಯಾಸ್’ ಆಗಿ ಹೋಗುತ್ತದೆ ಎಂದು ಬರೆದವನೂ ಅವನೇ. ಇಂದು ಅದನ್ನು ನಾವು ಇಂಗಾಲದ ಡೈಆಕ್ಸೈಡ್ ಎನ್ನುತ್ತೇವೆ. ಮರ ಗಾಳಿಯಾಗುವುದನ್ನು ಕಂಡವನಿಗೆ ಗಾಳಿ ಮರವಾಗುವುದು ಕಾಣಲಿಲ್ಲ.

ಆ ಕಡೆಗೆ ಮೊದಲು ಬೊಟ್ಟು ಮಾಡಿದವನು ಲಂಡನ್ನಿನ ಹೊರವಲಯದ ಟೆಡ್ಡಿಂಗ್ಟನ್ನಿನಲ್ಲಿ ಪಾದ್ರಿಯಾಗಿದ್ದ ಸ್ಟೀಫನ್ ಹೇಲ್ಸ್. ಕವಿ ಅಲೆಕ್ಸಾಂಡರ್ ಪೋಪ್ ಅವನ ನೆರೆಯವನು. ಕುಂಡದಲ್ಲಿ ಬೆಳೆದ ಸೂರ್ಯಕಾಂತಿಯನ್ನು ಹಗಲಿರುಳು ತೂಗಿ, ಅದು ಒಂದು ಹಗಲಿಗೆ ಸರಾಸರಿ 1 ಪೌಂಡ್ 4 ಔನ್ಸ್ ನೀರನ್ನು ಎಲೆಗಳ ಮೂಲಕ ಆವಿಯಾಗಿ ಬಿಡುತ್ತದೆ ಎಂದು ಹೇಲ್ಸ್ ಕಂಡುಕೊಂಡ. 1727ರ ತನ್ನ ಗ್ರಂಥದಲ್ಲಿ ಸಸ್ಯಗಳು ಎಲೆಗಳ ಮೂಲಕ ಗಾಳಿಯಿಂದಲೂ ಆಹಾರದ ಒಂದು ಪಾಲನ್ನು ಪಡೆಯುತ್ತಿರಬಹುದು ಎಂದು ಸೂಚಿಸಿದ. ಬೇರು ಕುಡಿದ ನೀರಿನ ಬಹುಭಾಗ ಮರದಲ್ಲಿ ಉಳಿಯದೆ ಹೊರಗೇ ಹೋಗುತ್ತದೆಂದರೆ ವ್ಯಾನ್ ಹೆಲ್ಮಾಂಟನ ಲೆಕ್ಕಕ್ಕೆ ಬೇರೆ ವಿವರಣೆಯೇ ಬೇಕಿತ್ತು.

ಮುಂದಿನ ಹೆಜ್ಜೆಗಳು ಬೇಗಬೇಗನೆ ಬಂದವು. 1771ರ ಆಗಸ್ಟಿನಲ್ಲಿ ಜೋಸೆಫ್ ಪ್ರೀಸ್ಟ್ಲಿ, ಮೇಣದಬತ್ತಿ ಉರಿದು ಆರಿಹೋಗಿದ್ದ ಗಾಳಿಯಲ್ಲಿ ಪುದೀನದ ಕಡ್ಡಿಯೊಂದನ್ನು ಇರಿಸಿದ. ಹತ್ತು ದಿನಗಳ ಬಳಿಕ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. 1779ರಲ್ಲಿ ಯಾನ್ ಇಂಗನ್‌ಹೌಸ್, ಈ ಕೆಲಸ ನಡೆಯುವುದು ಸಸ್ಯದ ಹಸಿರು ಭಾಗಗಳಲ್ಲಿ, ಅದೂ ಬೆಳಕಿನಲ್ಲಿ ಮಾತ್ರ ಎಂದು ತೋರಿಸಿದ. ಜಿನೀವಾದ ಜೀನ್ ಸೆನೆಬಿಯರ್ 1782ರಲ್ಲಿ ಇದಕ್ಕೆ ಇಂಗಾಲದ ಡೈಆಕ್ಸೈಡ್ ಬೇಕೇ ಬೇಕು ಎಂದ. ಅದೇ ಊರಿನ ನಿಕೊಲಾ ತಿಯೊಡೋರ್ ದ ಸೊಸ್ಯೂರ್ 1804ರಲ್ಲಿ ಇನ್ನಷ್ಟು ಸೂಕ್ಷ್ಮವಾಗಿ ತೂಗಿ, ಸಸ್ಯದ ತೂಕದ ಹೆಚ್ಚಳ ಅದು ಹೀರಿದ ಇಂಗಾಲವೊಂದರಿಂದಲೇ ಆಗುವಷ್ಟಲ್ಲ, ನೀರೂ ಅದರ ಮೈಯಲ್ಲಿ ಕೂಡಿಕೊಳ್ಳುತ್ತದೆ ಎಂದು ಸಾಧಿಸಿದ. ವಿವಾದದ ಎರಡೂ ಪಕ್ಷಗಳು ಗೆದ್ದಂತಾಯಿತು. ನೀರಿನ ಪಾತ್ರದ ಕೊನೆಯ ಗುಟ್ಟು ಮಾತ್ರ 1941ರವರೆಗೆ ಕಾಯಬೇಕಾಯಿತು. ಆ ವರ್ಷ ಸ್ಯಾಮ್ಯುಯಲ್ ರೂಬೆನ್, ಮಾರ್ಟಿನ್ ಕಾಮೆನ್ ಮತ್ತು ಅವರ ಸಂಗಡಿಗರು ಆಮ್ಲಜನಕದ ಭಾರವಾದ ಐಸೊಟೋಪನ್ನು ಬಳಸಿ, ಎಲೆ ಹೊರಬಿಡುವ ಆಮ್ಲಜನಕ ಸೀಳಿಹೋದ ನೀರಿನಿಂದ ಬಂದದ್ದು ಎಂದು ತೋರಿಸಿದರು.

ನೀರು ಮತ್ತು ಗಾಳಿ ಸಂಧಿಸುವ ಸ್ಥಳ ಎಲೆ. ಅದರ ಮೈಮೇಲೆ ಬರಿಗಣ್ಣಿಗೆ ಕಾಣದ ಅಸಂಖ್ಯ ಪತ್ರರಂಧ್ರಗಳಿವೆ. ಇಂಗಾಲದ ಡೈಆಕ್ಸೈಡ್ ಒಳಬರಬೇಕಾದರೆ ಈ ರಂಧ್ರಗಳು ತೆರೆಯಬೇಕು. ತೆರೆದೊಡನೆ ಒಳಗಿನ ತೇವ ಆವಿಯಾಗಿ ಹೊರಡುತ್ತದೆ. ಇಂಗಾಲದ ಡೈಆಕ್ಸೈಡಿನ ಒಂದು ಅಣುವನ್ನು ಗಳಿಸಲು ಮರ ನೀರಿನ ನೂರಾರು ಅಣುಗಳನ್ನು ತೆರಬೇಕಾಗುತ್ತದೆ. ಮಣ್ಣು ಒಣಗುತ್ತ ಬಂದಂತೆ ಸಸ್ಯದಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ನೀರು ಉಳಿಯುತ್ತದೆ, ಊಟ ನಿಲ್ಲುತ್ತದೆ. ನಮ್ಮ ಬಂಡೀಪುರ, ನಾಗರಹೊಳೆಗಳ ತೇಗ ಮತ್ತು ಮತ್ತಿ ಮರಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇಸಿಗೆಯ ಹೊತ್ತಿಗೆ ಎಲೆಗಳನ್ನೇ ಉದುರಿಸಿಬಿಡುತ್ತವೆ.

1905ರಲ್ಲಿ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಫ್ರೆಡರಿಕ್ ಬ್ಲ್ಯಾಕ್‌ಮನ್ ಇದಕ್ಕೊಂದು ಸೂತ್ರ ಕೊಟ್ಟ. ಹಲವು ಅಂಶಗಳನ್ನು ಅವಲಂಬಿಸಿದ ಕ್ರಿಯೆಯ ವೇಗವನ್ನು ನಿರ್ಧರಿಸುವುದು ಅವುಗಳಲ್ಲಿ ಅತ್ಯಂತ ಕೊರತೆಯಿರುವ ಅಂಶ. ಅಕ್ಕಿ ಮೂಟೆಗಟ್ಟಲೆ ಇದ್ದರೂ ನೀರಿಲ್ಲದ ಮನೆಯಲ್ಲಿ ಅನ್ನವಾಗದು.

ಈಗ ಮೊದಲ ಪ್ರಶ್ನೆಗೆ ಮರಳೋಣ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳೆಯಲು ಆರಂಭಿಸಿದಾಗ ವಾತಾವರಣದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. ಇಂದು ಅದು 420ನ್ನು ದಾಟಿದೆ. ಈ ಅನಿಲ ಹೆಚ್ಚಿದಾಗ ದ್ಯುತಿಸಂಶ್ಲೇಷಣೆ ಚುರುಕಾಗುವುದೂ, ರಂಧ್ರಗಳನ್ನು ತುಸು ಕಿರಿದಾಗಿಸಿ ಮರ ನೀರನ್ನು ಉಳಿಸುವುದೂ ನಿಜ. ಆದರೆ ಸಿಡ್ನಿಯ ಸಮೀಪದ ನೀಲಗಿರಿ ಕಾಡೊಂದರಲ್ಲಿ ಬೆಳೆದ ಮರಗಳಿಗೇ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಉಣಿಸಿ ನೋಡಿದವರು 2020ರಲ್ಲಿ ಪ್ರಕಟಿಸಿದ ಫಲಿತಾಂಶ ಯೋಚನೆಗೆ ಹಚ್ಚುವಂಥದು. ಮರಗಳು ಶೇಕಡಾ 12ರಷ್ಟು ಹೆಚ್ಚು ಇಂಗಾಲವನ್ನು ಹೀರಿದವು. ಆದರೂ ಅವುಗಳ ಮೈ ಬೆಳೆಯಲಿಲ್ಲ. ಅಲ್ಲಿಯ ಮಣ್ಣಿನಲ್ಲಿ ರಂಜಕದ ಕೊರತೆಯಿತ್ತು. ತೇವದ ಕೊರತೆಯ ಪರಿಣಾಮ ಇನ್ನೂ ನೇರವಾದದ್ದು. 2003ರ ಬೇಸಿಗೆಯಲ್ಲಿ ಯೂರೋಪು ಬಿಸಿಲಿಗೂ ಬರಕ್ಕೂ ಸಿಕ್ಕಾಗ ಅಲ್ಲಿಯ ಸಸ್ಯಗಳ ಒಟ್ಟು ದ್ಯುತಿಸಂಶ್ಲೇಷಣೆ ಸುಮಾರು ಶೇಕಡಾ 30ರಷ್ಟು ಕುಸಿಯಿತು; ನಾಲ್ಕು ವರ್ಷಗಳಲ್ಲಿ ಆ ಖಂಡದ ನೆಲ ಕೂಡಿಟ್ಟಿದ್ದಷ್ಟು ಇಂಗಾಲ ಒಂದೇ ವರ್ಷದಲ್ಲಿ ಗಾಳಿಗೆ ಮರಳಿತು ಎಂದು ವಿಜ್ಞಾನಿಗಳು ಅಂದಾಜಿಸಿದರು. ಗಾಳಿಯಲ್ಲಿ ಉಣಿಸಿಗೆ ಬರವಿರಲಿಲ್ಲ, ಬಾಗಿಲು ಮುಚ್ಚಿತ್ತು.

ಇದು ದೂರದ ಕಾಡುಗಳ ವಿಷಯವಷ್ಟೇ ಅಲ್ಲ. ನಾವು ನೆಲೆಸಿರುವ ಮಹಾನಗರಗಳಲ್ಲಿ ಗಾಳಿಯಲ್ಲಿರುವ ಇಂಗಾಲಕ್ಕೆ ಕೊರತೆಯಿಲ್ಲ; ಕೊರತೆಯಿರುವುದು ನೀರು ಇಂಗುವ ಮಣ್ಣಿಗೆ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರ್‌ನೊಳಗಿನ ಕಾಂಕ್ರೀಟನ್ನು ತೆಗೆಯುವಂತೆ ಆದೇಶಿಸಿತು. ಆದರೂ ಬುಡದವರೆಗೆ ಸಿಮೆಂಟು ಮೆತ್ತಿಸಿಕೊಂಡು ನಿಂತ ಬೇವಿನ ಮರಗಳು ನಗರದಲ್ಲಿ ಇಂದಿಗೂ ಕಾಣಸಿಗುತ್ತವೆ. ನೆಟ್ಟ ಸಸಿಗಳ ಸಂಖ್ಯೆಯನ್ನು ಕಡತದಲ್ಲಿ ಬರೆಯುವುದು ಸುಲಭವೆಂದು ಸರ್ಕಾರಿ ನೌಕರನಾದ ನಾನು ಬಲ್ಲೆ. ನೆಟ್ಟ ಸಸಿಯ ಬೇರಿಗೆ ಮಳೆಯ ನೀರು ತಲುಪಿತೇ ಎಂಬ ಪ್ರಶ್ನೆಗೆ ಅಂಥ ಕಲಮು ಸಾಮಾನ್ಯವಾಗಿ ಇರುವುದಿಲ್ಲ. ವ್ಯಾನ್ ಹೆಲ್ಮಾಂಟ್ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾವು ಗಾಳಿಯ ಲೆಕ್ಕವನ್ನಷ್ಟೇ ಹಿಡಿದು ನೀರನ್ನು ಮರೆಯುತ್ತಿದ್ದೇವೆ. ಅವನಾದರೋ ತನ್ನ ಕುಂಡದ ಮುಚ್ಚಳಕ್ಕೆ ನೀರು ಇಳಿಯಲು ತೂತುಗಳನ್ನು ಬಿಟ್ಟಿದ್ದ.