ಚೆಂಡು ಯಾರ ಕೈಗೆ ಕೊಡಬೇಕು?

ನಾಟಕದ ತಂಡವಿರಲಿ, ಭಜನಾ ಮಂಡಳಿಯಿರಲಿ, ಕಛೇರಿಯ ಕ್ರಿಕೆಟ್ ತಂಡವಿರಲಿ, ಹತ್ತು ಮಂದಿ ಸೇರಿದ ಕಡೆ ಮುಂದೆ ನಿಲ್ಲುವವರು ಯಾರೆಂಬ ಚರ್ಚೆ ತಪ್ಪಿದ್ದಲ್ಲ. ನಮ್ಮಂಥ ಹೊರನಾಡಿನ ಸಂಘಗಳಲ್ಲಿ ರಾಜ್ಯೋತ್ಸವದ ನಾಟಕಕ್ಕೆ ಪಾತ್ರ ಹಂಚುವ ದಿನದ ಮಾತುಕತೆಯನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಇಂಥ ಚರ್ಚೆಯನ್ನೇ ಊರೂರಿನ ಹವ್ಯಾಸವನ್ನಾಗಿ ಮಾಡಿಕೊಂಡ ದೇಶವೊಂದಿದೆ. ಅಮೆರಿಕದಲ್ಲಿ ವರ್ಷ ವರ್ಷವೂ ಬೇಸಿಗೆ ಮುಗಿದು ಕಾಲೇಜುಗಳು ತೆರೆಯುವ ಹೊತ್ತಿಗೆ, ಕ್ಷೌರದಂಗಡಿಯಿಂದ ಹಿಡಿದು ಚರ್ಚಿನ ಅಂಗಳದವರೆಗೆ ಒಂದೇ ಪ್ರಶ್ನೆ ಸುಳಿದಾಡುತ್ತದೆ: ಈ ಸಲ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಯಾರು? ಹುಡುಗರ ಆಟದ ವಿಷಯವೆಂದು ನಾವು ನಕ್ಕು ಸುಮ್ಮನಾಗಬಹುದು. ಆದರೆ ಈ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ ಆ ದೇಶದ ಸಾಮಾಜಿಕ ಚರಿತ್ರೆಯ ಒಂದು ಅಧ್ಯಾಯವೇ ತೆರೆದುಕೊಳ್ಳುತ್ತದೆ.

ಮೊದಲು ಆಟದ ವಿಷಯ ನಾಲ್ಕು ಮಾತು. ಹೆಸರು ಫುಟ್‌ಬಾಲ್ ಆದರೂ ಇದರಲ್ಲಿ ಕಾಲಿನ ಕೆಲಸ ಕಡಿಮೆ, ಕೈಯ ಕೆಲಸ ಹೆಚ್ಚು. ಮೊಟ್ಟೆಯಾಕಾರದ ಚೆಂಡು, ಬದಿಗೆ 11 ಜನ. ಚೆಂಡು ಕೈಯಲ್ಲಿರುವ ತಂಡ 4 ಪ್ರಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ 4 ಪ್ರಯತ್ನ, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯವನ್ನು ಕಾಲೇಜು ಫುಟ್‌ಬಾಲಿನ ಆರಂಭವೆಂದು ಎಣಿಸುತ್ತಾರೆ. ಆಗ ಅದೊಂದು ನೂಕುನುಗ್ಗಲು. 1880ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ ಎಂಬುವರ ಸಲಹೆಯಂತೆ ಆಟಗಾರರ ಸಂಖ್ಯೆ 11ಕ್ಕೆ ಇಳಿಯಿತು. ಚೆಂಡು ಒಂದು ಹೊತ್ತಿಗೆ ಒಂದೇ ತಂಡದ ವಶದಲ್ಲಿರಬೇಕು, ಮಧ್ಯದ ಆಟಗಾರ ಅದನ್ನು ತನ್ನ ಹಿಂದೆ ನಿಂತವನಿಗೆ ದಾಟಿಸಿ ಆಟ ಆರಂಭಿಸಬೇಕು ಎಂಬ ನಿಯಮ ಬಂದಿತು. ಹಾಗೆ ಹಿಂದೆ ನಿಂತು ಚೆಂಡು ಪಡೆಯುವವನೇ ಕ್ವಾರ್ಟರ್‌ಬ್ಯಾಕ್. 1905ರ ಋತುವಿನಲ್ಲಿ ಹಲವು ತರುಣರು ಮೈದಾನದಲ್ಲಿಯೇ ಪೆಟ್ಟು ತಿಂದು ಸತ್ತಾಗ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರೇ ಮಧ್ಯೆ ಬರಬೇಕಾಯಿತು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆಯಿತು. ಅಂದಿನಿಂದ ಮೆಲ್ಲಮೆಲ್ಲನೆ ಈ ಸ್ಥಾನದ ಬೆಲೆ ಏರಿತು. ಚೆಂಡನ್ನು ಎಸೆಯುವುದೋ, ಇನ್ನೊಬ್ಬನ ಕೈಗೆ ಕೊಡುವುದೋ, ತಾನೇ ಹಿಡಿದು ಓಡುವುದೋ ಎಂಬುದನ್ನು ಎರಡು ಮೂರು ಸೆಕೆಂಡುಗಳಲ್ಲಿ ನಿರ್ಧರಿಸಬೇಕಾದವನು ಅವನು. ಕ್ರಿಕೆಟಿನ ನಾಯಕ, ವಿಕೆಟ್ ಕೀಪರ್ ಮತ್ತು ಆರಂಭದ ಬ್ಯಾಟುಗಾರ ಮೂವರೂ ಒಬ್ಬನೇ ಆದರೆ ಎಷ್ಟು ಭಾರವೋ ಅಷ್ಟು ಭಾರ ಅವನ ಮೇಲೆ.

ಇಂಥ ಸ್ಥಾನಕ್ಕೆ ಇಬ್ಬರು ಯೋಗ್ಯರಿದ್ದರೆ ಒಬ್ಬನನ್ನು ಆರಿಸುವುದು ಹೇಗೆ? ವಿಜ್ಞಾನದ ವಿದ್ಯಾರ್ಥಿಗಳಾಗಿದ್ದ ನಾವು ಪ್ರಯೋಗಶಾಲೆಯಲ್ಲಿ ಕಲಿತ ಮೊದಲ ಪಾಠವೆಂದರೆ, ಎರಡು ವಸ್ತುಗಳನ್ನು ಹೋಲಿಸಬೇಕಾದರೆ ಉಳಿದುದೆಲ್ಲ ಸಮನಾಗಿರಬೇಕು ಎಂಬುದು. ಆಟದಲ್ಲಿ ಅದು ಸಾಧ್ಯವಿಲ್ಲ. ಒಂದೇ ಪಂದ್ಯವನ್ನು ಒಮ್ಮೆ ಒಬ್ಬನಿಂದ, ಇನ್ನೊಮ್ಮೆ ಮತ್ತೊಬ್ಬನಿಂದ ಆಡಿಸಿ ನೋಡಲು ಬರುವುದಿಲ್ಲ. ಹೀಗಾಗಿ ಅಳತೆ ಮುಗಿದ ಮೇಲೂ ಒಂದಷ್ಟು ಜಾಗ ಖಾಲಿ ಉಳಿಯುತ್ತದೆ. ಆ ಜಾಗವನ್ನು ಆಯ್ಕೆ ಮಾಡುವವನ ಮನಸ್ಸು ತುಂಬುತ್ತದೆ. ಆ ಮನಸ್ಸಿನಲ್ಲಿ ಏನಿದೆಯೆಂಬುದೇ ಮುಖ್ಯ.

ಬಹುಕಾಲ ಅದರಲ್ಲಿ ಇದ್ದದ್ದು ವರ್ಣಭೇದ. ಕಪ್ಪು ಜನರು ಓಡಬಲ್ಲರು, ಗುದ್ದಾಡಬಲ್ಲರು, ಆದರೆ ತಲೆ ಓಡಿಸಿ ಹತ್ತು ಜನರನ್ನು ನಡೆಸಲಾರರು ಎಂಬ ನಂಬಿಕೆ ಬಿಳಿಯರಲ್ಲಿ ಬಲವಾಗಿತ್ತು. ಕಪ್ಪು ಹುಡುಗನೊಬ್ಬ ಹೈಸ್ಕೂಲಿನಲ್ಲಿ ಎಷ್ಟೇ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಆಗಿರಲಿ, ದೊಡ್ಡ ಕಾಲೇಜಿಗೆ ಬಂದೊಡನೆ ಅವನನ್ನು ಬೇರೆ ಸ್ಥಾನಕ್ಕೆ ಸರಿಸುವುದು ವಾಡಿಕೆಯಾಗಿತ್ತು. ಇದಕ್ಕೆ ಅಪವಾದವಾಗಿ ಉತ್ತರದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಸ್ಯಾಂಡಿ ಸ್ಟೀಫನ್ಸ್ 1960ರಲ್ಲಿ ತಂಡವನ್ನು ರಾಷ್ಟ್ರೀಯ ಅಗ್ರಸ್ಥಾನಕ್ಕೆ ಒಯ್ದರು. 1961ರಲ್ಲಿ ದೇಶದ ಅತ್ಯುತ್ತಮರ ಪಟ್ಟಿಯಲ್ಲಿ ಅವರ ಹೆಸರು ಬಂದಿತು. ಆದರೂ ವೃತ್ತಿ ತಂಡಗಳು ಅವರನ್ನು ಆರಿಸಿಕೊಂಡವೇ ಹೊರತು ಕ್ವಾರ್ಟರ್‌ಬ್ಯಾಕ್ ಸ್ಥಾನ ಕೊಡಲು ಒಪ್ಪಲಿಲ್ಲ. ಅವರು ಕೆನಡಾದ ಮಾಂಟ್ರಿಯಲ್ ತಂಡಕ್ಕೆ ಹೋಗಬೇಕಾಯಿತು. ಹದಿನಾರು ವರ್ಷಗಳ ಮೇಲೂ ಕಥೆ ಬದಲಾಗಿರಲಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ವಾರೆನ್ ಮೂನ್ 1978ರ ಜನವರಿಯಲ್ಲಿ ಪ್ರಸಿದ್ಧ ರೋಸ್ ಬೌಲ್ ಪಂದ್ಯದ ಶ್ರೇಷ್ಠ ಆಟಗಾರನೆನಿಸಿದರು. ಅದೇ ವರ್ಷದ ವೃತ್ತಿ ತಂಡಗಳ ಆಯ್ಕೆಯಲ್ಲಿ ಅವರ ಹೆಸರೇ ಬರಲಿಲ್ಲ. ಅವರೂ ಕೆನಡಾದ ದಾರಿ ಹಿಡಿದು, ಎಡ್ಮಂಟನ್ ತಂಡದ ಐದು ರಾಷ್ಟ್ರೀಯ ವಿಜಯಗಳಲ್ಲಿ ಪಾಲುಗೊಂಡ ಮೇಲೆ ಸ್ವದೇಶ ಅವರನ್ನು ಬರಮಾಡಿಕೊಂಡಿತು. 2006ರಲ್ಲಿ ವೃತ್ತಿ ಫುಟ್‌ಬಾಲಿನ ಗೌರವ ಮಂದಿರ ಸೇರಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವರೇ.

ದಕ್ಷಿಣದ ರಾಜ್ಯಗಳಲ್ಲಂತೂ ಪ್ರಶ್ನೆ ತಂಡದ ಬಾಗಿಲವರೆಗೂ ಬಂದಿರಲಿಲ್ಲ. ಕಾಲೇಜಿನ ಬಾಗಿಲೇ ಮುಚ್ಚಿತ್ತು. 1963ರ ಜೂನ್ 11ರಂದು ಅಲಬಾಮ ರಾಜ್ಯದ ಗವರ್ನರ್ ಜಾರ್ಜ್ ವ್ಯಾಲೆಸ್, ಇಬ್ಬರು ಕಪ್ಪು ವಿದ್ಯಾರ್ಥಿಗಳ ಪ್ರವೇಶವನ್ನು ತಡೆಯಲು ವಿಶ್ವವಿದ್ಯಾಲಯದ ಬಾಗಿಲಲ್ಲಿ ತಾವೇ ಅಡ್ಡ ನಿಂತದ್ದು ಲೋಕಪ್ರಸಿದ್ಧ ಸಂಗತಿ. ಆ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಕಪ್ಪು ಆಟಗಾರನೊಬ್ಬ ಕಣಕ್ಕಿಳಿದದ್ದು 1971ರಲ್ಲಿ. ಅದೇ ಅಲಬಾಮದ ಹಂಟ್ಸ್‌ವಿಲ್ ಊರಿನ ಕಾಂಡ್ರೆಜ್ ಹಾಲೊವೇ ಎಂಬ ಪ್ರತಿಭಾವಂತನನ್ನು ಸೇರಿಸಿಕೊಳ್ಳಲು ಕೋಚ್ ಬೇರ್ ಬ್ರಯಂಟ್ ಆಸೆಪಟ್ಟರು; ಆದರೆ ಕಪ್ಪು ಕ್ವಾರ್ಟರ್‌ಬ್ಯಾಕನನ್ನು ಒಪ್ಪಿಕೊಳ್ಳಲು ಅಲಬಾಮ ಇನ್ನೂ ಸಿದ್ಧವಾಗಿಲ್ಲವೆಂದು ಅವರು ಮುಚ್ಚುಮರೆಯಿಲ್ಲದೆ ತಿಳಿಸಿದರೆಂದು ಹಾಲೊವೇ ಮುಂದೆ ಹೇಳಿಕೊಂಡಿದ್ದಾರೆ. ಹಾಲೊವೇ ಪಕ್ಕದ ಟೆನೆಸ್ಸೀ ರಾಜ್ಯಕ್ಕೆ ಹೋದರು. 1972ರಲ್ಲಿ, ದಕ್ಷಿಣದ ಪ್ರಮುಖ ಕಾಲೇಜುಗಳ ಆ ಕೂಟದಲ್ಲಿ ಆರಂಭದಿಂದಲೇ ಆಡಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಎನಿಸಿದರು. ಕ್ವಾರ್ಟರ್‌ಬ್ಯಾಕ್ ಯಾರಾಗಬೇಕೆಂದು ಅಲಬಾಮದಲ್ಲಿ ಆಗಲೂ ಚರ್ಚೆ ನಡೆಯುತ್ತಲೇ ಇತ್ತು. ಆದರೆ ಆ ಚರ್ಚೆಗೆ ಯಾರ ಹೆಸರು ಬರಬಹುದು, ಯಾರದು ಬರಕೂಡದು ಎಂಬುದು ಮೊದಲೇ ತೀರ್ಮಾನವಾಗಿತ್ತು.

ವರ್ಣದ ಪ್ರಶ್ನೆ ಇಲ್ಲದಿದ್ದಾಗಲೂ ಆಯ್ಕೆ ಸುಲಭವಲ್ಲ. ಕೇಂದ್ರ ಸರ್ಕಾರದ ಕಛೇರಿಗಳಲ್ಲಿ ದುಡಿಯುವ ನಮ್ಮಂಥವರಿಗೆ ಸೀನಿಯಾರಿಟಿ ಲಿಸ್ಟಿನ ಮಹಿಮೆ ಗೊತ್ತು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಎದ್ದದ್ದು ಈ ಬಗೆಯ ಸಮಸ್ಯೆ. ಒಂದು ಕಡೆ ಕೊನೆಯ ವರ್ಷದ ಟಾಮ್ ಬ್ರೇಡಿ. ಬಹಳ ದಿನ ಬೆಂಚಿನ ಮೇಲೆ ಕಾದು ಕುಳಿತು, ಹಿಂದಿನ ವರ್ಷ ಸ್ಥಾನ ಪಡೆದವರು. ಇನ್ನೊಂದು ಕಡೆ ಅದೇ ರಾಜ್ಯದ ಮಗನಾದ ಡ್ರೂ ಹೆನ್ಸನ್. ಬೇಸ್‌ಬಾಲಿನಲ್ಲಿಯೂ ಹೆಸರು ಮಾಡಿದ್ದ ಹೊಸ ಹುಡುಗ, ಜನರ ಕಣ್ಮಣಿ. ಕೋಚ್ ಲಾಯ್ಡ್ ಕಾರ್ ಒಂದು ರಾಜಿ ಸೂತ್ರ ಹೂಡಿದರು: ಪಂದ್ಯದ ಮೊದಲ ಕಾಲುಭಾಗ ಬ್ರೇಡಿಗೆ, ಎರಡನೆಯದು ಹೆನ್ಸನ್‌ಗೆ, ಚೆನ್ನಾಗಿ ಆಡಿದವನಿಗೆ ಉಳಿದರ್ಧ. ಇಬ್ಬರನ್ನೂ ಪ್ರತಿವಾರ ಪರೀಕ್ಷೆಗೆ ಕೂರಿಸುವ ಈ ಏರ್ಪಾಡು ಬಹಳ ದಿನ ನಡೆಯಲಿಲ್ಲ. ಋತುವಿನ ಉತ್ತರಾರ್ಧದಲ್ಲಿ ಬ್ರೇಡಿಯವರೇ ನಿಂತರು. 2000ದ ಜನವರಿ 1ರಂದು ಆರೆಂಜ್ ಬೌಲಿನಲ್ಲಿ 369 ಗಜ ಚೆಂಡು ಎಸೆದು, ಅಲಬಾಮ ತಂಡವನ್ನು 35-34ರಿಂದ ಸೋಲಿಸಿ ಹೊರಬಿದ್ದರು. ಆದರೂ ಕಾಲೇಜಿನ ಆ ಅನುಮಾನ ಅವರನ್ನು ಬಿಡಲಿಲ್ಲವೋ ಏನೋ, ಆ ವರ್ಷದ ವೃತ್ತಿ ಆಯ್ಕೆಯಲ್ಲಿ ಅವರಿಗೆ ಸಿಕ್ಕಿದ್ದು 199ನೆಯ ಸ್ಥಾನ. ಮುಂದೆ ಅವರು ಏಳು ಬಾರಿ ಸೂಪರ್ ಬೌಲ್ ಗೆದ್ದರೆಂಬುದು ಬಲ್ಲವರಿಗೆಲ್ಲ ಗೊತ್ತಿರುವ ವಿಷಯ.

ನಮ್ಮವರ ಪೈಕಿ ಸಯ್ಯದ್ ಕೀರ್ಮಾನಿಯವರನ್ನು ಇಲ್ಲಿ ನೆನೆಯಬಹುದು. 1979ರ ಇಂಗ್ಲೆಂಡ್ ಪ್ರವಾಸಕ್ಕೆ ಅವರನ್ನು ಬಿಟ್ಟು ಭರತ್ ರೆಡ್ಡಿಯವರನ್ನು ಆರಿಸಿದಾಗ ಕರ್ನಾಟಕದ ಅಭಿಮಾನಿಗಳಲ್ಲಿ ಎಷ್ಟು ಮಾತು ಬಂದು ಹೋಗಿರಬೇಕು! ಅವರು ಮತ್ತೆ ಬಂದು 1983ರ ವಿಶ್ವಕಪ್ಪಿನಲ್ಲಿ ಕೀಪಿಂಗ್ ಮಾಡಿದ ರೀತಿಯೇ ಅದಕ್ಕೆ ಉತ್ತರವಾಯಿತು.

ಈಗ ಮತ್ತೆ ಅಲಬಾಮಕ್ಕೆ ಬರೋಣ. 2018ರ ಜನವರಿ 8. ಅಟ್ಲಾಂಟ ನಗರದಲ್ಲಿ ಜಾರ್ಜಿಯ ವಿರುದ್ಧ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ. ಅಲಬಾಮದ ಕ್ವಾರ್ಟರ್‌ಬ್ಯಾಕ್ ಟೆಕ್ಸಸಿನ ಜೇಲನ್ ಹರ್ಟ್ಸ್, ಕಪ್ಪು ಜನಾಂಗದ ತರುಣ, ಎರಡನೆಯ ವರ್ಷದ ವಿದ್ಯಾರ್ಥಿ. ಅಂದಿನವರೆಗೆ ಅವರು ಆರಂಭಿಸಿದ 27 ಪಂದ್ಯಗಳಲ್ಲಿ 25 ಗೆಲುವು. ಆದರೆ ಆ ರಾತ್ರಿ ಅರ್ಧ ಆಟ ಮುಗಿದಾಗ ಅಲಬಾಮ 0, ಜಾರ್ಜಿಯ 13. ಹರ್ಟ್ಸ್ ಎಸೆತಗಳಿಂದ ಬಂದದ್ದು ಬರೀ 21 ಗಜ. ಕೋಚ್ ನಿಕ್ ಸೇಬನ್ ಅವರನ್ನು ಕೂರಿಸಿ, ಹವಾಯಿ ದ್ವೀಪದಿಂದ ಬಂದ ಸಮೋವ ಮೂಲದ ಮೊದಲ ವರ್ಷದ ಹುಡುಗ ಟುವಾ ಟಾಂಗೊವೈಲೊವನನ್ನು ಇಳಿಸಿದರು. ಆಟ 20-20ಕ್ಕೆ ಸಮವಾಗಿ ಹೆಚ್ಚಿನ ಅವಧಿಗೆ ಹೋಯಿತು. ಜಾರ್ಜಿಯ 3 ಅಂಕ ಮುಂದಾಯಿತು. ಟುವಾ ಮೊದಲ ಪ್ರಯತ್ನದಲ್ಲಿಯೇ ಸಿಕ್ಕಿಬಿದ್ದು 16 ಗಜ ಕಳೆದುಕೊಂಡ. ಮರುಕ್ಷಣವೇ 41 ಗಜದ ಎಸೆತವನ್ನು ಡೆವಾಂಟ ಸ್ಮಿತ್‌ನ ಕೈಗೆ ಮುಟ್ಟಿಸಿ 26-23ರಿಂದ ಪಂದ್ಯ ಗೆದ್ದುಕೊಟ್ಟ.

ಮುಂದಿನ ಎಂಟು ತಿಂಗಳು ಅಲಬಾಮದಲ್ಲಿ ಬೇರೆ ಮಾತಿಲ್ಲ. ಎರಡು ವರ್ಷ ದುಡಿದವನೋ, ಒಂದು ರಾತ್ರಿ ಬೆಳಗಿದವನೋ? ಕೊನೆಗೆ ಸ್ಥಾನ ಟುವಾನದಾಯಿತು. ಹರ್ಟ್ಸ್ ತಂಡ ಬಿಡುವರೆಂದೇ ಜನ ಎಣಿಸಿದ್ದರು. ಬಿಡಲು ಕಾರಣವೂ ಇತ್ತು. ಕಾಲೇಜು ಆಟಗಾರನಿಗೆ ಆಗ ಸಿಗುತ್ತಿದ್ದದ್ದು ನಾಲ್ಕು ಋತುಗಳು ಮಾತ್ರ. 2018ರಲ್ಲಿ ಬಂದ ನಿಯಮದಂತೆ ನಾಲ್ಕು ಪಂದ್ಯಗಳನ್ನು ಮೀರದೆ ಆಡಿದವನ ಆ ವರ್ಷ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕ್ಲೆಮ್ಸನ್ ತಂಡದ ಕೆಲಿ ಬ್ರಯಂಟ್ ನಾಲ್ಕು ಪಂದ್ಯಗಳಾದ ಮೇಲೆ ತನ್ನ ಸ್ಥಾನ ಹೊಸಬನಿಗೆ ಹೋದೊಡನೆ ಹೊರಟುಹೋದದ್ದು ಅದೇ ಋತುವಿನಲ್ಲಿ. ಹರ್ಟ್ಸ್ ಹೋಗಲಿಲ್ಲ. 2018ರ ಡಿಸೆಂಬರ್ 1ರಂದು ಅದೇ ಅಟ್ಲಾಂಟದ ಅದೇ ಮೈದಾನ, ಎದುರಾಳಿ ಅದೇ ಜಾರ್ಜಿಯ. ಕೊನೆಯ ಕಾಲುಭಾಗದಲ್ಲಿ ಅಲಬಾಮ 7 ಅಂಕ ಹಿಂದಿರುವಾಗ ಟುವಾನ ಪಾದದ ಕೀಲು ಉಳುಕಿತು. ಈ ಸಲ ಬೆಂಚಿನಿಂದ ಎದ್ದವರು ಹರ್ಟ್ಸ್. ಒಂದು ಎಸೆತದಿಂದ ಅಂಕ ಸಮ ಮಾಡಿದರು. ಒಂದು ನಿಮಿಷದಷ್ಟು ಕಾಲ ಉಳಿದಿರುವಾಗ ತಾವೇ 15 ಗಜ ಓಡಿ 35-28ರಿಂದ ಗೆಲ್ಲಿಸಿದರು. ಆ ತಿಂಗಳೇ ಪದವಿ ಪಡೆದು, ಉಳಿದ ಒಂದು ಋತುವನ್ನು ಒಕ್ಲಹೋಮದಲ್ಲಿ ಆಡಿದರು. ಕಾಲೇಜು ಆಟದ ಅತ್ಯುನ್ನತ ಗೌರವವಾದ ಹೈಸ್ಮನ್ ಪ್ರಶಸ್ತಿಯ ಮತಗಣನೆಯಲ್ಲಿ 2018ರಲ್ಲಿ ಟುವಾ ಎರಡನೆಯವರು, 2019ರಲ್ಲಿ ಹರ್ಟ್ಸ್ ಎರಡನೆಯವರು. 2025ರ ಫೆಬ್ರವರಿ 9ರಂದು ಫಿಲಡೆಲ್ಫಿಯ ತಂಡ 40-22ರಿಂದ ಸೂಪರ್ ಬೌಲ್ ಗೆದ್ದಾಗ ಶ್ರೇಷ್ಠ ಆಟಗಾರನೆನಿಸಿದವರು ಇದೇ ಹರ್ಟ್ಸ್.

ಹಾಗಾದರೆ ಸೇಬನ್ ಮಾಡಿದ್ದು ಸರಿಯೋ ತಪ್ಪೋ? ಅಲಬಾಮದವರು ಇಂದಿಗೂ ವಾದಿಸಬಲ್ಲರು. ನಮಗೆ ಕಾಣುವ ಸಂಗತಿ ಬೇರೆ. ಗವರ್ನರೊಬ್ಬರು ಬಾಗಿಲಿಗೆ ಅಡ್ಡ ನಿಂತ ವಿಶ್ವವಿದ್ಯಾಲಯದಲ್ಲಿ, ಐವತ್ತೈದು ವರ್ಷಗಳ ತರುವಾಯ, ಕಪ್ಪು ತರುಣ ಮತ್ತು ಸಮೋವ ಮೂಲದ ತರುಣ ಇವರಿಬ್ಬರಲ್ಲಿ ಯಾರು ಉತ್ತಮರೆಂದು ಊರಿಗೆ ಊರೇ ಗಂಟಲು ಹರಿದುಕೊಂಡು ವಾದಿಸಿತು. ಬಣ್ಣದ ಮಾತು ಅಮೆರಿಕದಲ್ಲಿ ಮುಗಿದುಹೋಗಿದೆ ಎಂದು ಇದರಿಂದ ಅರ್ಥವಲ್ಲ. ಆದರೆ ಹಾಲೊವೇಯವರಿಗೆ ದೊರೆಯದಿದ್ದ ಒಂದು ವಸ್ತು ಹರ್ಟ್ಸ್‌ಗೆ ದೊರೆಯಿತು: ಬೆಂಚಿನ ಮೇಲೆ ಕೂರುವಾಗಲೂ ಆಟದ ಲೆಕ್ಕದಿಂದಲೇ ಕೂರುವ ಹಕ್ಕು.

ಈಚೆಗೆ ಪರಿಸ್ಥಿತಿ ಮತ್ತೆ ಬದಲಾಗಿದೆ. 2021ರಿಂದ ಆಟಗಾರರು ಒಂದು ವರ್ಷ ಸುಮ್ಮನೆ ಕೂರದೆ ಕಾಲೇಜು ಬದಲಿಸಬಹುದಾಯಿತು. ತಮ್ಮ ಹೆಸರಿನಿಂದ ಹಣ ಗಳಿಸಲೂ ಅದೇ ವರ್ಷ ಅವಕಾಶ ಬಂದಿತು. ಸ್ಥಾನ ಸಿಗದ ಹುಡುಗ ಗಂಟುಮೂಟೆ ಕಟ್ಟಿ ಸ್ಥಾನವಿರುವ ಕಡೆ ಹೋಗುತ್ತಾನೆ. ಅವನನ್ನು ದೂರುವಂತಿಲ್ಲ, ಅವನ ಕೈಯಲ್ಲಿರುವುದು ಕೆಲವೇ ವರ್ಷ. ಆದರೆ ಸೋತ ಸ್ಪರ್ಧಿಯೊಬ್ಬ ಅದೇ ತಂಡದಲ್ಲಿ ಉಳಿದು, ತನ್ನ ಸ್ಥಾನ ಪಡೆದವನಿಗೆ ನೀರು ಕೊಟ್ಟು, ಕರೆ ಬಂದಾಗ ಎದ್ದು ಹೋಗುವ ದೃಶ್ಯ ಇನ್ನು ಮುಂದೆ ಅಪರೂಪವಾಗಲಿದೆ. ಮುಂದಿನ ರಾಜ್ಯೋತ್ಸವದ ನಾಟಕಕ್ಕೆ ಪಾತ್ರ ಹಂಚಲು ಕೂರುವ ನಮ್ಮ ಸಂಘದ ಬಂಧುಗಳು, ಯಾರ ಹೆಸರು ಪಟ್ಟಿಗೇ ಬರಲಿಲ್ಲ ಎಂಬುದನ್ನು ಮೊದಲು ಒಮ್ಮೆ ನೋಡಿಕೊಂಡು, ಆಮೇಲೆ ಬೇಕಾದಷ್ಟು ಜಗಳವಾಡಲಿ ಎಂದು ನಮ್ಮ ವಿನಂತಿ.