ಮಸುಕಾದ ಗಾಜು

ಸೆಕೆ ಎಂದರೇನು ಎಂದು ನಮ್ಮ ಕಲ್ಮಲದ ಮಂದಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ರಾಯಚೂರು ಸೀಮೆಯಲ್ಲಿ ಸುದ್ದಿಯೇ ಅಲ್ಲ. ಇಂಥ ಊರಿನವಳಾದ ನಾನು, ಕಾರಿಗೆ ಹೀಟರ್ ಯಾಕಪ್ಪಾ ಎಂದು ನಗುತ್ತಿದ್ದೆ. ಒಂದು ಮಳೆಗಾಲದ ರಾತ್ರಿ ಆ ನಗು ನಿಂತಿತು.

ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳಿಗೆ ನಡುರಾತ್ರಿ ನೋವು ಶುರುವಾಯಿತು. ಓಣಿಯ ಹುಡುಗನ ಬಾಡಿಗೆ ಕಾರಿನಲ್ಲಿ ರಾಯಚೂರಿಗೆ ಹೊರಟೆವು. ಧೋ ಎಂದು ಮಳೆ. ಕಿಟಕಿ ಮುಚ್ಚಿ ಕುಳಿತ ನಾಲ್ವರ ಉಸಿರಿಗೆ ಮುಂದಿನ ಗಾಜು ಒಳಗಿನಿಂದ ಬೆಳ್ಳಗಾಯಿತು. ಎದುರಿನ ಲಾರಿಯ ದೀಪ ಬಿಟ್ಟರೆ ಏನೂ ಕಾಣದು. ಸೆರಗಿನಿಂದ ಒರೆಸಿದೆ, ಮತ್ತೆ ಮಸುಕು. ಹುಡುಗ ಏಸಿ ಹಾಕಿದ.

"ಏ ತಮ್ಮಾ, ಹುಡುಗಿಗೆ ಥಂಡಿ ಹತ್ತತೈತಿ, ಬಂದ್ ಮಾಡೋ" ಎಂದು ಗದರಿದೆ.

ಅವನು ಬಂದ್ ಮಾಡಲಿಲ್ಲ, ಹೀಟರನ್ನೂ ತಿರುವಿದ. "ಎರಡೂ ಬೇಕ್ರೀ ಅಕ್ಕೋರೆ. ಒಂದು ಹಸಿ ತೆಗೀತೈತಿ, ಒಂದು ಬೆಚ್ಚಗ ಮಾಡತೈತಿ."

ಸ್ವಲ್ಪ ಹೊತ್ತಿನಲ್ಲೇ ಗಾಜು ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತ ಬಂತು. ರಸ್ತೆ ಕಂಡಿತು. ನನ್ನ ಜೀವವೂ ತಿರುಗಿ ಬಂತು.

ತಂಪು ಮಾಡಿಕೊಳ್ಳಲು ನಮ್ಮ ಹಿರಿಯರಿಗೆ ಗೊತ್ತಿದ್ದ ದಾರಿಯೇ ಬೇರೆ. ರಾಯಚೂರು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಗ ಸಾಹೇಬರ ಕಚೇರಿಗಳ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ನೀರು ಆರುವಾಗ ಗಾಳಿಯ ಬಿಸಿ ಹೀರಿಕೊಳ್ಳುತ್ತದೆ. ಮಣ್ಣಿನ ಕೊಡದ ಗುಟ್ಟೂ ಇದೇ. ಆದರೆ ಲಾವಂಚದ ತಟ್ಟಿ ಗಾಳಿಗೆ ಹಸಿ ಸೇರಿಸುತ್ತದೆ. ಏಸಿ ಹಸಿ ತೆಗೆಯುತ್ತದೆ. ಈ ವ್ಯತ್ಯಾಸವೇ ಆ ರಾತ್ರಿ ನಮ್ಮ ಕೈ ಹಿಡಿದದ್ದು.

ಕಾರಿನ ಹೀಟರಿಗೆ ಬೇರೆ ಒಲೆಯಿಲ್ಲ. ಎಂಜಿನನ್ನು ತಣಿಸಿ ಕಾದ ನೀರೇ ಒಂದು ಸಣ್ಣ ಜಾಲರಿಯಲ್ಲಿ ಹರಿಯುತ್ತದೆ. ಅದರ ಮೇಲೆ ಬೀಸಿದ ಗಾಳಿ ಬೆಚ್ಚಗಾಗುತ್ತದೆ. ಏಸಿಯಲ್ಲಿ ಎಂಜಿನ್ ತಿರುಗಿಸುವ ಕಂಪ್ರೆಸರ್ ಒಂದು ಅನಿಲವನ್ನು ಒತ್ತುತ್ತದೆ. ಅದು ಮುಂದಿನ ಜಾಲರಿಯಲ್ಲಿ ಬಿಸಿ ಕಳೆದುಕೊಂಡು ದ್ರವವಾಗಿ, ಒಳಗಿನ ಜಾಲರಿಯಲ್ಲಿ ಮತ್ತೆ ಅನಿಲವಾಗುವಾಗ ಸುತ್ತಲಿನ ಬಿಸಿ ಹೀರುತ್ತದೆ. ಗಾಳಿ ಮೊದಲು ಈ ತಣ್ಣನೆಯ ಜಾಲರಿ ದಾಟುತ್ತದೆ. ತಂಬಿಗೆಯ ಮೈಮೇಲೆ ಹನಿ ಮೂಡುವಂತೆ ಅದರ ಹಸಿ ಅಲ್ಲಿ ನೀರಾಗಿ ಇಳಿಯುತ್ತದೆ. ಆಮೇಲೆ ಬಿಸಿ ಜಾಲರಿ. ಎಷ್ಟು ಗಾಳಿ ಅದರ ಮೇಲೆ ಹಾಯಬೇಕೆಂಬುದನ್ನು ನಡುವಿನ ಒಂದು ಪುಟ್ಟ ಬಾಗಿಲು ತೀರ್ಮಾನಿಸುತ್ತದೆ. ಒಣಗಿ ಬೆಚ್ಚಗಾದ ಗಾಳಿ ಗಾಜಿನ ಮಸುಕನ್ನು ಹೀರಿಬಿಡುತ್ತದೆ.

ಈ ಕಥೆಯಲ್ಲಿ ಹೆಣ್ಣುಮಕ್ಕಳ ಪಾಲೂ ಇದೆ. 1893ರಲ್ಲಿ ಅಮೆರಿಕದ ಮಾರ್ಗರೆಟ್ ವಿಲ್ಕಾಕ್ಸ್ ಎಂಬಾಕೆ ಗಾಡಿ ಬೆಚ್ಚಗಿಡುವ ಸಾಧನಕ್ಕೆ ಪೇಟೆಂಟ್ ಪಡೆದಳು. 1903ರಲ್ಲಿ ಅದೇ ದೇಶದ ಮೇರಿ ಆಂಡರ್ಸನ್ ಗಾಜು ಒರೆಸುವ ವೈಪರಿಗೆ ಪೇಟೆಂಟ್ ಪಡೆದಳು. ಹೊರಗಿನ ಮಳೆ ಒರೆಸಲು ವೈಪರ್ ಬಂತು. ಒಳಗಿನ ಮಸುಕಿಗೆ ಇನ್ನೂ ಕಾಯಬೇಕಿತ್ತು. ಕಂಪನಿಯೇ ಏಸಿ ಜೋಡಿಸಿ ಮಾರಿದ ಮೊದಲ ಕಾರು ಪ್ಯಾಕಾರ್ಡ್, 1940ರ ಮಾದರಿ. ಅದರ ಯಂತ್ರ ಡಿಕ್ಕಿಯ ಅರ್ಧ ಜಾಗ ನುಂಗುತ್ತಿತ್ತು. ಕಂಪ್ರೆಸರ್ ನಿಲ್ಲಿಸಬೇಕೆಂದರೆ ಎಂಜಿನ್ ಬಂದ್ ಮಾಡಿ ಬೆಲ್ಟ್ ಬಿಚ್ಚಬೇಕಿತ್ತು! 1954ರಲ್ಲಿ ನ್ಯಾಶ್ ಕಂಪನಿ ಬಿಸಿ, ತಂಪು ಎರಡನ್ನೂ ಕಾರಿನ ಮುಂಭಾಗದಲ್ಲೇ ಒಂದೇ ವ್ಯವಸ್ಥೆಯಾಗಿ ಕೂಡಿಸಿತು. ಬೇರೆ ಬೇರೆ ಹುಟ್ಟಿದ ಎರಡು ಒಂದೇ ಮನೆ ಸೇರಿದವು.

ಮಳೆಯಲ್ಲಿ ಪ್ರಯಾಣ ಮಾಡುವ ಗೆಳತಿಯರೇ, ಇಷ್ಟು ನೆನಪಿಡಿ: ಏಸಿ, ಹೀಟರ್ ಎರಡೂ ಹಾಕಿ, ಗಾಳಿಯನ್ನು ಗಾಜಿನತ್ತ ತಿರುಗಿಸಿ, ಹೊರಗಿನ ಗಾಳಿ ಬರುವ ದಾರಿ ತೆರೆದಿಡಿ.

ಅಂದು ಬೆಳಗು ಹರಿಯುವ ಮುಂಚೆ ಮೊಮ್ಮಗಳು ಹುಟ್ಟಿದಳು. ಈಗ ಅವಳಿಗೆ ಮಾತು ಬಹಳ. ಮೊನ್ನೆ ನಿಂತ ಕಾರಿನ ಕೆಳಗೆ ತೊಟ್ಟಿಕ್ಕುವ ನೀರು ನೋಡಿ, "ಅಜ್ಜೀ, ಕಾರು ಸೋರಾಕತ್ತೈತಿ" ಎಂದಳು.

"ಸೋರಾಕತ್ತಿಲ್ಲವ್ವಾ, ಅದು ಒಳಗಿನ ಗಾಳಿಯ ಹಸಿ. ನಮ್ಮ ಉಸಿರೂ ಅದರಾಗ ಐತಿ" ಎಂದೆ. ಅವಳು ನಂಬಲಿಲ್ಲ. ನಂಬದಿದ್ದರೂ ಬಗ್ಗಿ ನೋಡಿದಳು. ಪಾಠ ಶುರುವಾಗಲು ಅಷ್ಟು ಸಾಕು.