ಕುದುರೆಮುಖದ ಕಲ್ಲಿನ ನಕ್ಷೆ

ಕುದುರೆಮುಖದಲ್ಲಿ ಕಬ್ಬಿಣದ ಅದಿರು ಇದೆಯೆಂದು 1913ರಲ್ಲಿ ಗುರುತಿಸಿದವರು ಮೈಸೂರು ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್. ಆ ಕಾಲದಲ್ಲಿ ಬಂಡೆಗಳ ನಕ್ಷೆ ಬರೆಯುತ್ತಿದ್ದುದೇ ಹೆಚ್ಚಾಗಿ ಖನಿಜ ಹುಡುಕಲು. ಆದರೂ ಗಣಿ ಬರಲು ಮತ್ತೆ ಅರವತ್ತು ವರ್ಷಗಳಾದವು. ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾದದ್ದು 1976ರಲ್ಲಿ. ನಮ್ಮ ಶಾಲೆಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು!

ಅಲ್ಲಿಯದು ಮ್ಯಾಗ್ನೆಟೈಟ್ ಇರುವ, ಕಬ್ಬಿಣದಂಶ ಕಡಿಮೆಯಾದ ಅದಿರು. ಅದನ್ನು ಪುಡಿಮಾಡಿ, ಕಬ್ಬಿಣದಂಶ ಬೇರ್ಪಡಿಸಿ, ನೀರಿನೊಡನೆ ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. 1987ರಲ್ಲಿ ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು, ಗಣಿ ಮಾತ್ರ ನಡೆದೇ ಇತ್ತು. ಪರಿಸರ ಹೋರಾಟಗಾರರು ಸುಪ್ರೀಂ ಕೋರ್ಟಿಗೆ ಹೋದರು. 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಗಣಿ ನಿಂತಿತೆಂದು ಹಳೆಯ ನಕ್ಷೆಯನ್ನು ಮಡಚಿಡುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ಅದಿರು ತೋರಿಸಿದ ಆ ನಕ್ಷೆಯನ್ನೇ ಇಳಿಜಾರು, ಮಳೆಯ ಲೆಕ್ಕದ ಜೊತೆ ಇಟ್ಟು ನೋಡಿದರೆ ಎಲ್ಲಿ ಗುಡ್ಡ ಕುಸಿಯಬಹುದು, ಬಂಡೆಯ ಯಾವ ಬಿರುಕಿನಲ್ಲಿ ನೀರು ಇಂಗುತ್ತದೆ, ಎಲ್ಲಿ ರಸ್ತೆ ಕಡಿಯಬಾರದು ಎಂಬುದು ಅರಣ್ಯ ಇಲಾಖೆಗೆ ತಿಳಿಯುತ್ತದೆ. ಹುಲಿ, ಸಿಂಗಳೀಕಗಳನ್ನು ಎಣಿಸುವಷ್ಟೇ ಇದೂ ಕಾಡು ಕಾಯುವ ಕೆಲಸವೇ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಲಕ್ಯಾದ ಹೂಳು ಇನ್ನೂ ಅಲ್ಲೇ ಇದೆ. ಅದರ ಕೆಳಗಿನ ಬಂಡೆ ಎಂಥದು, ನೀರು ಯಾವ ಕಡೆ ಜಿನುಗುತ್ತದೆ ಎಂಬ ಲೆಕ್ಕ ಭದ್ರೆಯ ನೀರು ಕುಡಿಯುವ, ಗದ್ದೆಗೆ ಹಾಯಿಸುವ ಊರುಗಳಿಗೆಲ್ಲ ಬೇಕು.